ಲೇಟ್ ಶ್ರೀ

ನಾನು ಈ ಕತೆ ಹೇಳುವಾಗಲೆಲ್ಲ ತಪ್ಪು ಮಾಡುವವರು ಟೈಪಿಸ್ಟ್. ವರ್ಷಾನುಗಟ್ಟಲೆ ಹಾಗೆಯೇ ಹೇಳಿಕೊಂಡು ಬಂದೆ. ಹೋದ ತಿಂಗಳು ಹಳೆಯ ಟ್ರಂಕಿನಲ್ಲಿ ನನ್ನ ಮೊದಲ ಬಯೋಡೇಟಾದ ಕೈಬರಹದ ಕರಡು ಸಿಕ್ಕಿತು. ತಪ್ಪು ಅದರಲ್ಲೇ ಇದೆ, ನನ್ನದೇ ದುಂಡು ಅಕ್ಷರದಲ್ಲಿ. ಹಾಗಾಗಿ ಇನ್ನೊಮ್ಮೆ ಹೇಳಬೇಕಾಗಿದೆ.

ಎಪ್ಪತ್ತರ ದಶಕದ ಕೊನೆ. ಡಿಗ್ರಿ ಮುಗಿಸಿ ಎರಡು ವರ್ಷದಿಂದ ಯಶವಂತಪುರದ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಅಪ್ಪ ಅಲ್ಲಿನ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ. ತುಮಕೂರು ರಸ್ತೆಯ ಕಾರ್ಖಾನೆಯೊಂದಕ್ಕೆ ಸ್ಟೋರ್ಸ್ ಗುಮಾಸ್ತ ಬೇಕೆಂಬ ಜಾಹೀರಾತನ್ನು ಅವನೇ ಕತ್ತರಿಸಿ ತಂದ. ಇದೂ ತಪ್ಪಿದರೆ ಮುಂದೇನು ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಬಯೋಡೇಟಾ ಇಂಗ್ಲಿಷಿನಲ್ಲಿರಬೇಕು. ನಾನು ಕನ್ನಡ ಮೀಡಿಯಂ. ಆರ್.ಟಿ. ನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಗೋಡೆಗೆ ಒಂದು ಮಾದರಿ ಅಂಟಿಸಿದ್ದರು. ಸಾಲು ಸಾಲಾಗಿ ನಕಲು ಮಾಡಿದೆ. ಹವ್ಯಾಸ: ಅಂಚೆಚೀಟಿ ಸಂಗ್ರಹ. ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ತಂದೆಯ ಹೆಸರಿನ ಮುಂದೆ ‘ಲೇಟ್ ಶ್ರೀ’ ಎಂದಿತ್ತು. ಲೇಟ್ ಅಂದರೆ ತಡ ಎಂದು ರೈಲ್ವೆಯವನ ಮಗನಿಗೆ ಗೊತ್ತಿರದೇ? ಆದರೆ ಊರಿನಿಂದ ಬರುವ ಕಾಗದಗಳಲ್ಲಿ ಅಪ್ಪನ ಹೆಸರಿನ ಮುಂದೆ ‘ಮ॥ರಾ॥ರಾ॥’ ಎಂದಿರುತ್ತಿತ್ತು. ಅದು ಗೌರವ ಎಂದಷ್ಟೇ ತಿಳಿದಿತ್ತು, ಅರ್ಥ ಯಾರೂ ಹೇಳಿರಲಿಲ್ಲ. ದೊಡ್ಡ ಮನುಷ್ಯರು ಸಭೆಗೆ ತಡವಾಗಿಯೇ ಬರುತ್ತಾರಲ್ಲ, ಇದು ಇಂಗ್ಲಿಷಿನವರ ಮ॥ರಾ॥ರಾ॥ ಇರಬೇಕು ಎಂದುಕೊಂಡೆ. ಅಪ್ಪನಿಗೂ ಸಲ್ಲಲಿ.

ಟೈಪಿಸ್ಟ್ ಹಿರಿಯರು. ಮನೆಯಲ್ಲಿ ದಖನಿ, ನಮ್ಮ ಜೊತೆ ಕನ್ನಡ. ಕರಡು ಓದಿ ಕನ್ನಡಕ ತೆಗೆದರು.

“ಎಷ್ಟು ವರ್ಷ ಆಯ್ತು, ಬೇಟಾ?”

ನನ್ನ ವಯಸ್ಸು ಕೇಳಿದರು ಎಂದುಕೊಂಡೆ. “ಇಪ್ಪತ್ತೆರಡು ಸಾರ್.”

“ಯಾ ಅಲ್ಲಾ! ಹುಟ್ದಾಗಿಂದ್ಲೇ ಅನ್ನು!”

“ಹೂಂ ಸಾರ್, ಹುಟ್ದಾಗಿಂದ್ಲೇ.”

ಅವರು ನನಗೆ ಟೀ ತರಿಸಿದರು. ಆಮೇಲೆ ಒಂದು ಅಕ್ಷರವೂ ತಪ್ಪದಂತೆ ಟೈಪ್ ಮಾಡಿದರು.

ಇಂಟರ್‌ವ್ಯೂ ದಿನ ಅಪ್ಪ ರಜೆ ಹಾಕಿ ಜೊತೆಗೆ ಬಂದು ಕಾರ್ಖಾನೆಯ ಗೇಟಿನ ಬಳಿ ನಿಂತ. ಒಳಗೆ ಅಧಿಕಾರಿ ಮೆತ್ತಗೆ ಕೇಳಿದರು:

“ತಂದೆ ಇಲ್ಲ ಅಲ್ವಾ? ಮನೆ ಯಾರ್ರೀ ನೋಡ್ಕೊಳ್ತಾರೆ?”

“ಇದಾರಲ್ಲ ಸಾರ್. ಗೇಟ್ ಹತ್ರ ನಿಂತಿದಾರೆ.”

ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟರು. “ಸತ್ತೋಗಿದಾರೆ ಅಂತ ಬರ್ದಿದೀರಲ್ರೀ ಇಲ್ಲಿ!”

ಕೆಲಸ ಹೋಯಿತು ಎಂದುಕೊಂಡೆ. ಅದಕ್ಕೂ ಮೊದಲು ಅಪ್ಪನೇ ಹೋದಂತೆ ಅನ್ನಿಸಿತು. ಅಥವಾ ಹಾಗೆ ಅನ್ನಿಸುತ್ತಿರುವುದು ಈಗ, ಬರೆಯುವಾಗ.

“ಕರೀರಿ ಅವರನ್ನ.”

ಅಪ್ಪ ಬಂದ, ಹಾಳೆ ಓದಿದ, ನನ್ನ ಮುಖ ನೋಡಿದ.

“ನಮ್ ರೈಲ್ವೇಲಿ ಲೇಟ್ ಅಂದ್ರೆ ಬಂದೇ ಬರುತ್ತೆ ಅಂತ ಸಾರ್. ಕ್ಯಾನ್ಸಲ್ ಅಂತ ಬರ್ದಿಲ್ವಲ್ಲ, ಬಿಡಿ.”

ಇದನ್ನು ಅಲ್ಲೇ ಹೇಳಿದನೋ, ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದನೋ, ಪ್ರಮಾಣ ಮಾಡಲಾರೆ. ಅಧಿಕಾರಿ ನಕ್ಕಿದ್ದಂತೂ ನೆನಪಿದೆ, ಅಲ್ಲೇ ಇರಬೇಕು. ಅವರು ಕೆಂಪು ಪೆನ್ನಿನಿಂದ ‘ಲೇಟ್’ ಹೊಡೆದು ಹಾಕಿದರು.

“ತಿದ್ದಿದ ಕಡೆ ಸಹಿ ಬೇಕಲ್ಲ. ಬದುಕಿರೋರೇ ಹಾಕ್ಬಿಡ್ಲಿ.”

ಅಪ್ಪ ಬಾಗಿ ಸಹಿ ಹಾಕಿದ. ರೈಲ್ವೆ ಅಭ್ಯಾಸದಂತೆ ಕೆಳಗೆ ತಾರೀಖು, ಗಂಟೆ, ನಿಮಿಷ ಬರೆದ.

ಕೆಲಸ ಸಿಕ್ಕಿತು. ಮುಂದೆ ಬಯೋಡೇಟಾ ತೋರಿಸಲು ಬಂದವರಿಗೆಲ್ಲ ಒಂದೇ ಮಾತು ಹೇಳಿದೆ: ಅರ್ಥ ಗೊತ್ತಿಲ್ಲದ ಪದವನ್ನು, ಎಷ್ಟೇ ಘನವಾಗಿ ಕಂಡರೂ, ಗೋಡೆಯಿಂದ ಇಳಿಸಿಕೊಳ್ಳಬೇಡಿ.

ಅಪ್ಪನ ಸಹಿಯಿದ್ದ ಹಾಳೆ ಕಾರ್ಖಾನೆಯ ಫೈಲಿನಲ್ಲೇ ಉಳಿಯಿತು. ನನ್ನ ಬಳಿ ಇರುವುದು ತಿದ್ದದ ಕರಡು. ಮೊನ್ನೆ ಕೆಂಪು ಪೆನ್ನು ಹಿಡಿದು ಕೂತೆ. ಹೊಡೆದು ಹಾಕಬಹುದು, ಆದರೆ ಪಕ್ಕದಲ್ಲಿ ಸಹಿ ಹಾಕುವವರು ಬೇಕಲ್ಲ. ಪೆನ್ನಿನ ಮುಚ್ಚಳ ಮುಚ್ಚಿದೆ.