ವರ್ಲೀನ್ ಹೇಳಲಾರದ ‘ಹೌದು’

ವರ್ಲೀನ್ ಪೆಟ್ವೇ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸುತ್ತಲೇ ಕೂದಲು ನರೆಸಿಕೊಂಡವಳು. ಅವಳ ಬಾಯಿಗೆ ಸುಳ್ಳು ಬಾರದು. ಇದು ಹೊಗಳಿಕೆಯಲ್ಲ. ಆ ಬಾಯಿಂದಲೇ ಎಲ್ಲ ಕೆಟ್ಟಿತು.

ಓಹಾಯೋದ ಆ ಊರಿನಲ್ಲಿ ತೆರಾನ್ ಎಂಬ ಕಪ್ಪು ಯುವಕನನ್ನು ಬಿಳಿಯ ಪೊಲೀಸನೊಬ್ಬ ಗುಂಡಿಟ್ಟು ಕೊಂದಿದ್ದ. ನದಿಯಾಚೆಯ ಬಿಳಿಯರು, ಪಾಪ, ಪೊಲೀಸಿನವನು ಜೀವ ಉಳಿಸಿಕೊಂಡ ಎನ್ನುತ್ತಿದ್ದರು. ವರ್ಲೀನಳಂಥ ಕಪ್ಪು ಜನರ ಬಡಾವಣೆಯಲ್ಲಿ ಹಾಗೆನ್ನುವವರು ಒಬ್ಬರೂ ಇರಲಿಲ್ಲ. ಆ ಮೊಕದ್ದಮೆಯಲ್ಲಿ ತೀರ್ಪು ಹೇಳಲು ಊರಿನ ಸಾಮಾನ್ಯ ಜನರಿಂದಲೇ ಆರಿಸುವ ಜ್ಯೂರಿಯ ಆಯ್ಕೆಗೆ ಅವಳಿಗೆ ಕರೆ ಬಂತು.

ಚರ್ಚಿನಲ್ಲಿ ಜೊತೆಗೆ ಹಾಡುವ ಡೆಲೋರಿಸ್ ಬುದ್ಧಿ ಹೇಳಿದಳು: “ಏನ್ ಕೇಳಿದ್ರೂ ‘ಹೌದು ಸರ್’ ಅಂದ್ಬಿಡು ಸಿಸ್ಟರ್. ನಿನ್ನ ಪುರಾಣ ಬಿಚ್ಬೇಡ. ಒಳಗೆ ನಮ್ಮೋರು ಒಬ್ರಾದ್ರೂ ಕೂತ್ಕೋಬೇಕು.”

“ಕೈ ಎತ್ತಿಸಿ ಆಣೆ ಮಾಡಿಸ್ತಾರಲ್ಲೇ.”

“ದೇವ್ರಿಗೆ ನಾನ್ ಹೇಳ್ಕೋತೀನಿ. ನೀನು ಬಾಯ್ ಮುಚ್ಕೊಂಡಿರು!”

ಕೋರ್ಟಿನಲ್ಲಿ ಅವಳಂತೆಯೇ ಆಯ್ಕೆಗೆ ಬಂದು ಪಕ್ಕದಲ್ಲಿ ಕೂತವನು ಹಾರ್ಲನ್ ವೀಸ್, ಟೈರು ಕಾರ್ಖಾನೆಯಿಂದ ನಿವೃತ್ತನಾದ ಬಿಳಿಯ. ಒಳ್ಳೆಯವನೇ, ಅವಳಿಗೊಂದು ಪೆಪ್ಪರಮಿಂಟು ಕೊಟ್ಟ. ಅವನ ಭಾವಮೈದ ಪೊಲೀಸು.

“ಅದನ್ನ ಪಕ್ಕಕ್ಕಿಟ್ಟು ನ್ಯಾಯ ಹೇಳ್ತೀರಾ?” ಎಂದು ಆರೋಪಿ ಪೊಲೀಸಿನವನ ವಕೀಲ ಕೇಳಿದ.

“ಹೇಳ್ತೀನಿ ಸರ್, ಅದೇನ್ ಮಹಾ.”

ಅವನನ್ನು ಆರಿಸಿಕೊಂಡರು. ಅವನೂ ಸುಳ್ಳು ಹೇಳಲಿಲ್ಲ. ಪೊಲೀಸರನ್ನು ಕಂಡರೆ ಎದೆ ಹೊಡೆದುಕೊಳ್ಳುವುದೇ ಅವನಿಗೆ ಗೊತ್ತಿರಲಿಲ್ಲ. ಗೊತ್ತೇ ಇಲ್ಲದ ಭಯವನ್ನು ಪಕ್ಕಕ್ಕಿಡುವುದು ಯಾರಿಗೆ ಕಷ್ಟ?

ಮುಂದಿನ ಸರದಿ ವರ್ಲೀನಳದು. ಮನೆಯಲ್ಲಿ ಯಾರಿಗಾದರೂ ಪೊಲೀಸರಿಂದ ತೊಂದರೆಯಾಗಿದೆಯೇ ಎಂದು ಅದೇ ವಕೀಲ ಕೇಳಿದ.

“ಆಗಿದೆ ಸರ್. ನನ್ನ ಮಗನ್ನ ನಮ್ಮನೆ ಮುಂದೇನೇ ಕೆಡವಿ ತಲೆಗೆ ಪಿಸ್ತೂಲು ಹಿಡಿದಿದ್ರು. ಅವರು ಹುಡುಕ್ತಿದ್ದೋನು ಬೇರೆ ಯಾರೋ.”

“ಅದನ್ನ ಪಕ್ಕಕ್ಕಿಟ್ಟು ನ್ಯಾಯ ಹೇಳ್ತೀರಾ?”

“ಪ್ರಯತ್ನ ಮಾಡ್ತೀನಿ.”

“ಪ್ರಯತ್ನ ಸಾಲದಮ್ಮ. ಹೌದೋ, ಇಲ್ವೋ?”

ಡೆಲೋರಿಸಳ ಮುಖ ಕಣ್ಣ ಮುಂದೆ ಬಂತು. ಆಣೆಗೆ ಎತ್ತಿದ ಬಲಗೈಯೂ ನೆನಪಾಯಿತು. ಮಗನ ಕೆನ್ನೆಗೆ ನಾಟಿದ್ದ ಜಲ್ಲಿಯನ್ನು ಉಗುರಿನಿಂದ ಬಿಡಿಸಿದವಳು ಅದನ್ನು ಯಾವ ಪಕ್ಕಕ್ಕಿಟ್ಟಾಳು?

“ಪ್ರಯತ್ನ ಮಾಡ್ತೀನಿ ಸರ್,” ಎಂದಳು ಮತ್ತೆ.

ನ್ಯಾಯಾಧೀಶರು ಅವಳನ್ನು ಜ್ಯೂರಿಯಿಂದ ಕೈಬಿಟ್ಟು, ಧನ್ಯವಾದ ಹೇಳಿ ಮನೆಗೆ ಕಳಿಸಿದರು.

ಹೊರಗೆ ಬೆಂಚಿನ ಮೇಲೆ ತೆರಾನ್‌ನ ತಾಯಿ ಕೂತಿದ್ದಳು. ಟಿವಿಯಲ್ಲಿ ಕಂಡ ಮುಖ, ವರ್ಲೀನಳಿಗೆ ಕೂಡಲೇ ಗುರುತು ಸಿಕ್ಕಿತು.

“ನಿಮ್ಮನ್ನೂ ಕಳಿಸ್ಬಿಟ್ರಾ?”

ವರ್ಲೀನ್ ತಲೆಯಾಡಿಸಿದಳು. ಆ ತಾಯಿಯೇ ಕೈಚೀಲ ಸರಿಸಿ ಜಾಗ ಮಾಡಿಕೊಟ್ಟಳು. ಮಗನನ್ನು ಕಳೆದುಕೊಂಡವಳಿಂದ ಉಪಚಾರ ಮಾಡಿಸಿಕೊಳ್ಳುವ ಹಾಗಾಯಿತಲ್ಲ ಎಂದುಕೊಳ್ಳುತ್ತಲೇ ವರ್ಲೀನ್ ಬೆಂಚಿನ ತುದಿಯಲ್ಲಿ ಕೂತಳು.

ಜ್ಯೂರಿಯಲ್ಲಿ ಕಪ್ಪು ಮುಖ ಒಂದೂ ಉಳಿಯಲಿಲ್ಲ. ಪೊಲೀಸಿನವನು ನಿರ್ದೋಷಿ ಎಂದು ತೀರ್ಪಾಯಿತು. ಡೆಲೋರಿಸ್ ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ತೀರ್ಪಿನ ಮರುದಿನ ಶಾಲೆಯ ಅಡುಗೆಮನೆಯಲ್ಲಿ ವರ್ಲೀನ್ ದೊಡ್ಡ ಪಾತ್ರೆಯಲ್ಲಿ ಚೀಸ್ ಕರಗಿಸುತ್ತಿದ್ದಳು. ಸೌಟು ತಿರುವುತ್ತಿದ್ದಂತೆ ಬಾಯಿಂದ ತಾನಾಗಿ ಮಾತು ಹೊರಟಿತು.

“ಹೌದು ಸರ್. ನ್ಯಾಯ ಹೇಳ್ತೀನಿ.”

ಎಷ್ಟು ಸಲೀಸಾಗಿ ಬಂತು! ಕೇಳುವವರು ಮಾತ್ರ ಅಲ್ಲಿ ಯಾರೂ ಇರಲಿಲ್ಲ.