ಮೊಳಕಾಲು ಮುರಿದ ಊರಿನಲ್ಲಿ ಚೆಡುಗುಡು

ಮೊಳಕಾಲ್ಮೂರಿನಲ್ಲಿ ನಾನು ಮೊದಲು ಕಂಡ ಮನುಷ್ಯನಿಗೆ ಸೊಂಟದಿಂದ ಕೆಳಗೆ ಏನೂ ಇರಲಿಲ್ಲ. ಚಳ್ಳಕೆರೆಯಲ್ಲಿ ಗಾಡಿ ಬದಲಿಸಿ, ಹುಲ್ಲುಗಾವಲಿನ ಧೂಳು ನುಂಗುತ್ತ ಸೀರೆ ಖರೀದಿಗೆ ಬಂದು, ಬಾಡಿಗೆಗೆ ಗೊತ್ತು ಮಾಡಿದ್ದ ಮನೆಯೊಳಗೆ ಇಣುಕಿದೆ. ನೆಲದೊಳಗಿಂದ ಅರ್ಧ ಗಂಡಸೊಬ್ಬ ಎದ್ದು ನಿಂತಂತಿತ್ತು. ಕೈ ಲಾಳಿ ಎಸೆಯುತ್ತಿತ್ತು, ಬಾಯಿ "ಬರ್ರಿ, ಕುಂತ್ಕಳ್ರಿ" ಎನ್ನುತ್ತಿತ್ತು. ಅದು ಗುಂಡಿಮಗ್ಗ. ನೆಲ ತೋಡಿ, ಕಾಲು ಇಳಿಬಿಟ್ಟು, ಒಳಗಿನ ಹಲಗೆ ತುಳಿಯುತ್ತ ರೇಷ್ಮೆ ಸೀರೆ ನೇಯುತ್ತಾರೆ. ಧಾರವಾಡದ ಓಣಿಗಳಲ್ಲಿ ತಲೆಯ ಮೇಲೆ ಗಂಟು ಹೊತ್ತು ಸೀರೆ ಮಾರಿ ಮೇಲೆ ಬಂದವನು ನಾನು. ಸೀರೆ ಹುಟ್ಟುವ ಜಾಗವನ್ನು ಅಂದೇ ಕಂಡದ್ದು.

ಆ ಅರ್ಧ ಗಂಡಸೇ ಮನೆಯ ಯಜಮಾನ ಪೆದ್ದಣ್ಣ. ಸಂಜೆ ಅವನ ಉಳಿದರ್ಧವೂ ಹೊರಬಂತು, ಹೆಂಡತಿ ಗಂಗಮ್ಮ ಒಂದು ರಟ್ಟೆ, ಅವಳ ತಮ್ಮ ತಿಪ್ಪೇಸಿ ಇನ್ನೊಂದು ರಟ್ಟೆ ಹಿಡಿದು ಎಳೆದ ಮೇಲೆ. ವಯಸ್ಸು ನಲವತ್ತೈದಿರಬಹುದು, ಅಷ್ಟೇ.

"ಬಾವ್ಯಾಗಳ ಕೊಡ ಎತ್ತಿದಂಗೈತೆ ಭಾವ," ತಿಪ್ಪೇಸಿ ನಕ್ಕ. "ಉಗಾದಿಗೆ ಮಗ್ಗ ನಂಗೇ ಬಿಡ್ತೀಯಲ್ಲ, ಆಮೇಲೆ ಈ ಕಷ್ಟ ಇರಲ್ಲ ಬಿಡು."

ಅದು ನಗೆಮಾತಲ್ಲ. ಉಗಾದಿಯ ಹೊತ್ತಿಗೆ ಪೆದ್ದಣ್ಣ ತಾನೇ ಎದ್ದು ಬರಲಾಗದಿದ್ದರೆ ಮಗ್ಗ ತಿಪ್ಪೇಸಿಗೆ, ಪೆದ್ದಣ್ಣನಿಗೆ ಕಟ್ಟೆಯ ಮೇಲೆ ಮುದುಕಿಯರ ಜತೆ ನೂಲು ಸುತ್ತುವ ಕೆಲಸ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ನಮ್ಮ ಧಾರವಾಡದಲ್ಲಿ ತಲೆ ನರೆತವರೂ ಸಂಜೆ ಗರಡಿಗೆ ಹೋಗುತ್ತಾರೆ. ಇಲ್ಲಿ ಮೀಸೆ ಬಂದವನು ಆಡಿದರೆ ಬುದ್ಧಿ ಕೆಟ್ಟಿದೆ ಎನ್ನುತ್ತಾರೆ. ನಾನು ಒಂದು ವಾರ ಬೈಠಕ್ಕು, ಓಟ, ಆರೋಗ್ಯ ಎಂದು ಕೊರೆದೆ. ಪೆದ್ದಣ್ಣ ಎಲೆ ಅಡಿಕೆ ಮೆಲ್ಲುತ್ತ ಕೇಳಿ, "ಊರ ಹೆಸರೇ ಮೊಳಕಾಲು ಮುರೀತು ಅಂತ ಐತೆ ಸಾವ್ಕಾರ್ರೆ. ಊರಿಗೇ ಎದುರಾಡ್ತೀರಾ?" ಎಂದ. ಇಲ್ಲಿಯವರು ಮೊಣಕಾಲಿಗೆ ಮೊಳಕಾಲು ಎನ್ನುತ್ತಾರೆ. ತೆಲುಗು ಬೆರೆಸುವ ಗಂಗಮ್ಮ ಮೋಕಾಲು ಎನ್ನುತ್ತಾಳೆ. ಯಾವ ಹೆಸರಿಟ್ಟರೂ ಪೆದ್ದಣ್ಣನದು ಮಡಚುತ್ತಿರಲಿಲ್ಲ.

ಆಗ ನನ್ನ ತಪ್ಪು ಹೊಳೆಯಿತು. ಪುಕ್ಕಟೆ ಬುದ್ಧಿಮಾತನ್ನು ನಾನೇ ಯಾವತ್ತೂ ತೆಗೆದುಕೊಂಡವನಲ್ಲ, ಇವರೇಕೆ ತೆಗೆದುಕೊಳ್ಳಬೇಕು? ಚೌಕಾಸಿ ಮಾಡದ ಸರಕಿಗೆ ಮರ್ಯಾದೆಯಿಲ್ಲ. ಇಲ್ಲಿ ಸೀರೆಯ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ; ವಲ್ಲಿ, ಎಂದರೆ ಹೆಗಲ ವಸ್ತ್ರ, ಅದರ ಮರೆಯಲ್ಲಿ ಕೈ ಹಿಡಿದು ಬೆರಳು ಅದುಮಿ ಹೇಳುತ್ತಾರೆ. ನಾನು ವಲ್ಲಿ ಹಾಸಿ ಪೆದ್ದಣ್ಣನ ನಾಲ್ಕು ಬೆರಳು ಅದುಮಿದೆ.

"ಯಾವ ಸೀರೆಗ್ರಿ?"

"ಸೀರಿಗಲ್ಲ, ದಿನಕ್ಕ. ನಲವತ್ತು ಸಂಜಿ ಬಯಲಿಗೆ ಬರಬೇಕು."

ಅವನು ಒಂದು ಬೆರಳು ಒತ್ತಿದ. ಹತ್ತು. "ನಂಗೇನು ಸಿಗ್ತೈತೆ?"

"ನೀವು ಬಂದಷ್ಟು ದಿನ ನಾ ನಿಮ್ಮ ಗುಂಡಿಗಿ ಇಳೀತೇನಿ. ತುಳಿಯೂದು ಕಲಸ್ರಿ."

ವಲ್ಲಿಯೊಳಗೆ ಅವನ ಬೆರಳುಗಳು ನಕ್ಕವು. ಮೂರು ಬೆರಳಿಗೆ ಕುದುರಿತು.

ಮೊದಲ ದಿನ ಗುಂಡಿಯಿಂದ ನನ್ನನ್ನೇ ಎಳೆಯಬೇಕಾಯಿತು. "ಈಗ ಇಬ್ರಾದ್ರು ನಂಗೆ," ಎಂದು ತಿಪ್ಪೇಸಿ ಹಣೆ ಬಡಿದುಕೊಂಡ.

ಬಯಲಲ್ಲಿ ಆಡಿದ್ದು ಚೆಡುಗುಡು: ಉಸಿರು ಬಿಡದೆ ಆ ಪದ ಹೇಳುತ್ತ ಗೆರೆ ದಾಟಿ, ಎದುರಿನವರನ್ನು ಮುಟ್ಟಿ ಮರಳಬೇಕು. ನಮ್ಮಲ್ಲಿ ಅದೇ ಆಟಕ್ಕೆ ಹುತುತು ಎನ್ನುತ್ತಾರೆ. ನಾನು "ಹುತುತುತು" ಎಂದು ನುಗ್ಗಿದೊಡನೆ ಎಲ್ಲರೂ ನೆಲಕ್ಕೆ ಬಿದ್ದು ನಕ್ಕರು. "ಪದ ಕೆಡ್ತು, ಸತ್ತಂಗೆ!" ಎಂದು ತಿಪ್ಪೇಸಿ ನನ್ನನ್ನು ಹೊರಗೆ ಹಾಕಿದ. ಅಂದಿನಿಂದ ನಾನು ಹುತುತು ಸಾವ್ಕಾರ.

ಪೆದ್ದಣ್ಣ ಮೊದಲು ಗೆರೆಯ ಸುತ್ತ ನಡೆದ, ಅಷ್ಟೇ. ಬೆಳಿಗ್ಗೆ ಮಗ್ಗದ ಅಂಚು ಹಿಡಿದು ಹತ್ತು ಸಲ ಕೂತೆದ್ದ. ನಗಲು ಬಂದ ನೇಕಾರರಿಗೆ ನಾನು ವ್ಯಾಯಾಮದ ಹೆಸರೆತ್ತಲಿಲ್ಲ. "ಒಬ್ಬ ಕಮ್ಮಿ ಅದಾನ, ಸುಮ್ನ ನಿಂದರ್ರಿ" ಎಂದೆ. ಯಾರನ್ನಾದರೂ ಆಟಕ್ಕೆ ಎಳೆಯಬೇಕಿದ್ದರೆ ನೀವೂ ಹೀಗೇ ಮಾಡಿ. ನಿಂತವನ ಕಡೆ ಯಾರಾದರೂ ನುಗ್ಗಿ ಬಂದರೆ ಅವನು ತಾನಾಗಿ ಓಡುತ್ತಾನೆ. ಮೂವತ್ತು ದಿನ ಮುಗಿದದ್ದನ್ನು ನಮ್ಮಿಬ್ಬರಲ್ಲಿ ಯಾರೂ ನೆನಪಿಸಲಿಲ್ಲ.

ಉಗಾದಿಯ ಬೆಳಿಗ್ಗೆ ಕೇರಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಗುಂಡಿಯಲ್ಲಿದ್ದ ಪೆದ್ದಣ್ಣನತ್ತ ತಿಪ್ಪೇಸಿ ಅಭ್ಯಾಸದಂತೆ ಕೈ ಚಾಚಿದ.

"ಕೈ ತೆಗೀಲೇ," ಎಂದ ಪೆದ್ದಣ್ಣ. ಅಂಗೈ ಊರಿದ. ಒಮ್ಮೆ ಕುಸಿದ. ಇನ್ನೊಮ್ಮೆ ಊರಿ ಎದ್ದವನು ನೆಲದ ಮೇಲೆ ಪೂರ್ತಿ ನಿಂತ.

"ಅಯ್ಯೋ, ಈ ಮನುಷ್ಯ ಇಷ್ಟು ಎತ್ತರ ಇದ್ನಾ!" ಎಂದಳು ಗಂಗಮ್ಮ, ಸೆರಗಿನಲ್ಲಿ ಕಣ್ಣೊರೆಸುತ್ತ.

"ಹಂಗಾರೆ ನನ್ ಮಗ್ಗ?" ಎಂದ ತಿಪ್ಪೇಸಿ.

"ಪಕ್ದಾಗೆ ಇನ್ನೊಂದು ಗುಂಡಿ ತೋಡಲೇ. ತೋಡೋದೂ ಗರಡಿ ಸಾಮೇ!"

ಈಗ ಚಳ್ಳಕೆರೆಯ ಕಂಬಳಿ ನೇಕಾರರೂ ಪಂದ್ಯಕ್ಕೆ ಹೇಳಿಕಳಿಸಿದ್ದಾರೆ. ಪೆದ್ದಣ್ಣನೇ ಮೊದಲು ನುಗ್ಗುವವನು.

ಹೋದ ತಿಂಗಳು ಧಾರವಾಡಕ್ಕೆ ಹೋಗಿದ್ದಾಗ ಹಳೆಯ ಗೆಳೆಯರು ನನ್ನನ್ನು ಹುತುತುಗೆ ಎಳೆದರು. ಹುರುಪಿನಿಂದ ಗೆರೆ ದಾಟಿದೆ. ಉಸಿರು ಬಿಗಿಹಿಡಿದ ಬಾಯಿಂದ ಬಂದದ್ದು "ಚೆಡುಗುಡುಗುಡು".

"ಪದಾ ಕೆಟ್ತು, ಹೊರಗ ನಡಿ! ಯಾ ಊರಾಂವಲೇ ನೀ?"

ಗೆರೆಯಾಚೆ ಹೋಗಿ ನಿಂತೆ. ಕಾಲು ಮಾತ್ರ ಅಲ್ಲಿಲ್ಲದ ಮಗ್ಗದ ಹಲಗೆಯನ್ನು ತುಳಿಯುತ್ತಲೇ ಇತ್ತು.