ಓಣಿಯ ಒದ್ದೆ ಸೀರೆಗಳು ಮತ್ತು ಒಂದು ಮೊಗ್ಗು

ಕನಕಮ್ಮನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ, ಬೇಳೆ ಕುದಿಯುವ ಸದ್ದು, ಮಕ್ಕಳ ತಟ್ಟೆಯ ಸದ್ದು ಎರಡನ್ನೂ ಮೀರಿ ಕೂಗಿ ಕೂಗಿ ಅವಳ ಗಂಟಲು ಆ ಎತ್ತರಕ್ಕೇ ನಿಂತುಬಿಟ್ಟಿದೆ. ಮನೆಯೊಳಗೆ ಬುದ್ಧನ ಫೋಟೋದ ಮುಂದೆ ಕೂತು ಹೇಳಿಕೊಂಡ ಗುಟ್ಟು ಕೂಡ ರಾಯಚೂರಿನ ನಮ್ಮ ಓಣಿಗೆಲ್ಲ ಕೇಳುತ್ತದೆ.

ಈ ಬೇಸಿಗೆಯಲ್ಲಿ ಕೇಳಿದ್ದು ಇದು: "ಯಪ್ಪಾ ಬುದ್ಧಾ, ಈ ಸಲ ನಿನ್ನ ಹುಣ್ಣಿಮಿಗಿ ಮಲ್ಲಿಗಿ ಅಲ್ಲ, ಚೆಂಡುಹೂವ ಅಲ್ಲ. ರಾಯಚೂರಾಗ ಯಾರೂ ಏರಿಸಿರಬಾರದು, ಅಂಥಾ ಹೂವ ತರ್ತೀನಿ!"

ಅಂಥಾ ಹೂವು ಅಂದರೆ ಆರ್ಕಿಡ್. ಮಗಳು ವಿಶಾಖಾ ದೇವದುರ್ಗದ ಹೈಸ್ಕೂಲಿನಲ್ಲಿ ಟೀಚರು. ತರಬೇತಿಗೆಂದು ಬೆಂಗಳೂರಿಗೆ ಹೋದವಳು ಕುಂಡವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು ಅವ್ವನ ಕೈಗಿಟ್ಟಿದ್ದಳು. ದಪ್ಪ ಎಲೆ, ಬಾಗಿದ ಕಡ್ಡಿ, ಕಡ್ಡಿಗೆ ಶೇಂಗಾಕಾಯಿ ಗಾತ್ರದ ಮೂರು ಮೊಗ್ಗು.

"ಅವ್ವಾ, ಇದು ಮಳಿ ಕಾಡಿನ ಗಿಡ. ಸುತ್ತಲ ಗಾಳ್ಯಾಗ ತೇವ ಇರಬೇಕು. ಗಾಳಿ ಒಣಗಿತಂದ್ರ ಮೊಗ್ಗಿ ಉದುರ್ತಾವ" ಎಂದು ಹೇಳಿ ಅವಳು ಬಸ್ಸು ಹತ್ತಿದಳು.

ರಾಯಚೂರಿನ ಮೇ ತಿಂಗಳ ಗಾಳಿಯಲ್ಲಿ ತೇವ! ಇಲ್ಲಿ ಹಿಂಡದೆ ಹರವಿದ ಸೀರೆಯೂ ಚಹಾ ಕುಡಿದು ಮುಗಿಸುವಷ್ಟರಲ್ಲಿ ಹಪ್ಪಳವಾಗುತ್ತದೆ. ಎದುರು ಮನೆಯ ಬೂದೆಮ್ಮ ಕೇಳಿ ನಕ್ಕಳು. ಬೂದೆಮ್ಮ ಕನಕಮ್ಮನ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಮಾನ್ವಿ ಕಡೆಯ ಕಲ್ಲೂರಿನಿಂದ ಸೊಸೆಯಾಗಿ ಬಂದ ದಿನದಿಂದ ದವಡೆಯ ತಂಬಾಕು ಇಳಿಸಿದವಳಲ್ಲ.

"ಈ ಬಿಸಲಾಗ ಇದು ಹೂವ ಬಿಟ್ರ ನಾ ತಂಬಾಕ ಬಿಡ್ತೀನಿ, ನೋಡು."

"ಓಣಿ ಮಂದಿ ಎಲ್ಲಾ ಕೇಳಿಸ್ಕೊಂಡ್ರೇನ್ರಿ!" ಎಂದಳು ಕನಕಮ್ಮ. ಕೇಳದೆ ಇರಲು ಯಾರಿಗೆ ಸಾಧ್ಯ!

ತೇವ ಎಂದರೆ ಕನಕಮ್ಮನಿಗೆ ಗೊತ್ತಿದ್ದದ್ದು ಹಬೆಯೊಂದೇ. ಕುಂಡವನ್ನು ಒಲೆಯ ಮೇಲಿನ ಹಲಗೆಗೇರಿಸಿ, ಮದುವೆ ಮನೆಯ ಹಾಗೆ ದೊಡ್ಡ ಪಾತ್ರೆಯಲ್ಲಿ ಬೇಳೆ ಬೇಯಲು ಇಟ್ಟಳು. ಸಂಜೆಯಷ್ಟರಲ್ಲಿ ಒಂದು ಮೊಗ್ಗು ಹಳದಿಯಾಗಿ ಬೇಳೆಯೊಳಗೇ ಬಿತ್ತು. ಆ ದಿನ ಬೂದೆಮ್ಮ ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡಳು. "ಭಾರಿ ರುಚಿ ಆಗ್ಯಾದ ಬೇ. ಉಳಿದವೂ ಹಾಕಿಬಿಡು."

ಕುಂಡ ಪಡಸಾಲೆಗೆ, ಬುದ್ಧನ ಫೋಟೋದ ಕೆಳಗೆ ಬಂತು. ಅಲ್ಲಿ ಬೇರೆಯೇ ಗಂಡಾಂತರ. ಹರಕೆಯ ಗಿಡ ಎಂದು ತಿಳಿದದ್ದೇ ತಡ, ಬಂದವರೆಲ್ಲ ತುಳಸಿಗೆ ಹಾಕುವಂತೆ ಚೆಂಬು ನೀರು ಸುರಿದು ಕೈಮುಗಿದು ಹೋಗತೊಡಗಿದರು. ಕುಂಡ ಕೆರೆಯಾಯಿತು, ಇನ್ನೊಂದು ಮೊಗ್ಗು ಉದುರಿತು. ಮತ್ತೆ ಸುರಿಯಲು ಬಗ್ಗಿದ್ದ ಬೂದೆಮ್ಮನನ್ನು ಕನಕಮ್ಮ ಚೆಂಬಿನ ಸಮೇತ ಹಿಡಿದಳು.

"ಏ ಅಕ್ಕಾ, ನನ್ನ ಹೂವ ಸಾಯಿಸಾಕ ನಿಂತೀಯೇನು?"

"ದೇವರ ಗಿಡಕ್ಕ ನೀರು ಹಾಕಿದ್ರ ಪುಣ್ಯ ಬೇ! ಬಾಯಾಗ ತಂಬಾಕ ಇತ್ತು. ಅದಕ್ಕ ಪಾಪಕ್ಕೊಂದು ಚೆಂಬು, ಪುಣ್ಯಕ್ಕೊಂದು ಚೆಂಬು."

ನೀರು ಬಸಿದು ಕನಕಮ್ಮ ಮಗಳಿಗೆ ಫೋನು ಮಾಡಿದಳು. ಫೋನಿಲ್ಲದೆಯೇ ದೇವದುರ್ಗಕ್ಕೆ ಕೇಳಿಸಬಹುದಿತ್ತು. ವಿಶಾಖಾ ಅಂದದ್ದು ಇಷ್ಟೇ: "ನೀರು ಗಿಡಕ್ಕಲ್ಲವ್ವಾ, ಗಾಳಿಗಿ ಕುಡಿಸಬೇಕು."

ಗಾಳಿಗೆ ನೀರು ಕುಡಿಸುವುದು ಹೇಗೆ? ಕನಕಮ್ಮ ಬಾಗಿಲಲ್ಲಿ ನಿಂತು ಯೋಚಿಸುತ್ತಿದ್ದಳು. ಪಕ್ಕದ ಮನೆಯ ಜೈನಾಬ್ ಅಂಗಳದಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದಳು.

"ಏ ಜೈನಾಬ್! ಅಲ್ಲಿ ಹಾಕಬ್ಯಾಡ, ಇಲ್ಲಿ ತಗೊಂಡ್ ಬಾ!"

"ಯಾಕ್ರೀ ಕನಕಕ್ಕಾ, ನಿಮ್ಮ ಪಡಸಾಲ್ಯಾಗ ಬಿಸಲು ಅದ ಏನು?"

"ಇಲ್ಲಂತನ ಕರ್ಯಾಕತ್ತೀನಿ. ಬಿಸಲು ನಿನ್ನ ಬಟ್ಟಿ ನೀರು ಪುಕ್ಕಟ ಕುಡೀತದ. ನನ್ನ ಹೂವಾದ್ರೂ ಕುಡೀಲಿ!"

ಮರುದಿನದಿಂದ ಓಣಿಯ ಒಗೆದ ಬಟ್ಟೆಯೆಲ್ಲ ಕನಕಮ್ಮನ ಪಡಸಾಲೆಗೆ ಬರತೊಡಗಿತು. ಗೋಡೆಯಿಂದ ಗೋಡೆಗೆ ಹಗ್ಗ, ಹಗ್ಗದ ತುಂಬ ಸೀರೆ, ಲುಂಗಿ, ಓಡ್ನಿ, ಚಾದರ. ಗಾಳಿ ನಿಲ್ಲಬಾರದೆಂದು ಕಿಟಕಿ ಅರ್ಧ ತೆರೆದಿರುತ್ತಿತ್ತು. ಮನೆಗೆ ಹೋದವರು ಮಂಡಿಯೂರಿ ಹೋಗಬೇಕು. ಕನಕಮ್ಮ ಯಾವ ಸೀರೆಯ ಹಿಂದೆ ಇದ್ದಾಳೆಂದು ದನಿ ಹಿಡಿದು ಹುಡುಕಬೇಕು. ಸಿಲಿಂಡರ್ ತಂದವನು ಬೂದೆಮ್ಮನ ಉದ್ದನೆಯ ಇಳಕಲ್ ಸೀರೆಗೆ ಸಿಕ್ಕಿ ಸುತ್ತಿಕೊಂಡು, "ಯವ್ವಾ, ಬಿಡಿಸ್ರೀ!" ಎಂದು ಕಿರುಚಿದ. ಬಿಡಿಸುವ ಬದಲು ನಾವೆಲ್ಲ ನೆಲಕ್ಕೆ ಕೂತು ನಕ್ಕೆವು. ಆ ಬಿಸಿಲಿನಲ್ಲಿ ಓಣಿಯಲ್ಲೇ ತಣ್ಣನೆಯ ಜಾಗ ಅದು. ಮಧ್ಯಾಹ್ನವಾದರೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕಟ್ಟಿಕೊಂಡು ಎಲ್ಲರೂ ಅಲ್ಲೇ. ತಲೆಯ ಮೇಲೆ ಹನಿ ಬಿದ್ದರೆ ಮಳೆ ಬಂತೆಂದು ಕೇಕೆ.

ಉಳಿದ ಒಂದು ಮೊಗ್ಗು ಉದುರಲಿಲ್ಲ. ಆದರೆ ಅರಳಲೂ ಇಲ್ಲ. ಹುಣ್ಣಿಮೆಯ ಹಿಂದಿನ ಸಂಜೆಯೂ ಬಿಗಿದ ಮುಷ್ಟಿಯ ಹಾಗೇ ಇತ್ತು.

ಹುಣ್ಣಿಮೆಯ ಬೆಳಗ್ಗೆ ಕನಕಮ್ಮನ ದನಿ ಕೇಳಲಿಲ್ಲ. ನಮ್ಮ ಮನೆಯ ದೀಪಕ್ಕೆ ಎಣ್ಣೆ ಹಾಕುವುದನ್ನು ಬಿಟ್ಟು ಓಡಿದೆ. ಹೋಗಿ ನೋಡಿದರೆ ಅವಳು ಹೊಸ್ತಿಲಲ್ಲಿ ಕುಂಡಕ್ಕೆ ಬೆನ್ನು ಮಾಡಿ, ಬಾಯಿ ಬಿಡದೆ ಮಲ್ಲಿಗೆ ಕಟ್ಟುತ್ತಿದ್ದಳು. ಬುದ್ಧ ವಿಹಾರಕ್ಕೆ ಉಡಲು ತನ್ನ ಸೀರೆ ಬೇಕೆಂದು ಬೂದೆಮ್ಮ ಒಳಹೋದಳು. ಸೀರೆ ಜಗ್ಗಿದ ಸದ್ದಾಯಿತು.

"ಏನಾತಕ್ಕಾ?" ಕನಕಮ್ಮ ತಿರುಗದೆಯೇ ಕೇಳಿದಳು. "ಅದೂ ಉದುರಿತೇನು?"

ದವಡೆ ಉಬ್ಬಿದ ಬೂದೆಮ್ಮ ನಮ್ಮನ್ನು ದಾಟಿ ಅಂಗಳಕ್ಕೆ ಬಂದಳು. ಮೂಲೆಯ ಚರಂಡಿಗೆ ತಂಬಾಕು ಉಗಿದಳು. ಚೆಂಬು ತುಂಬಿಕೊಂಡು ಪೂರ್ತಿ ಬಾಯಿ ಮುಕ್ಕಳಿಸಿದಳು. ಸೊಂಟದ ತಂಬಾಕಿನ ಚೀಲ ಬಿಚ್ಚಿ ನನ್ನ ಕೈಗಿಟ್ಟು, ಬರೀ ಬಾಯಿಯಲ್ಲಿ ಅಂದಳು:

"ಏಳ್ ಬೇ. ಒಳಗ ಹೋಗಿ ನೋಡು."

ಆಮೇಲೆ ಕನಕಮ್ಮ ಹಾಕಿದ ಕೂಗಿಗೆ ಮಾಳಿಗೆಯ ಪಾರಿವಾಳಗಳೆಲ್ಲ ಎದ್ದವು. ಮೊಗ್ಗು ಅರಳಿತ್ತು: ಬೆಳ್ಳಗೆ, ಅಂಗೈಯಗಲ, ನಡುವೆ ಹಳದಿ ನಾಲಗೆ.

ಆ ಹೂವನ್ನು ಕೀಳಲು ಅವಳಿಗೆ ಮನಸ್ಸು ಬರಲಿಲ್ಲ. ಕುಂಡಕ್ಕೆ ಒದ್ದೆ ಸೀರೆಯ ಮರೆ ಹಿಡಿದು, ಮದುಮಗಳನ್ನು ಕರೆದೊಯ್ಯುವ ಹಾಗೆ ಆಟೋದಲ್ಲಿ ವಿಹಾರಕ್ಕೆ ಒಯ್ದೆವು. ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದಾಗ ಕನಕಮ್ಮ ಬುದ್ಧನ ಹತ್ತಿರ ಬಗ್ಗಿ ಗುಟ್ಟಾಗಿ ಹೇಳಿಕೊಂಡಳು. ವಿಹಾರವಿಡೀ ಕೇಳಿ ನಕ್ಕಿತು.

"ಕಣ್ತುಂಬ ನೋಡ್ಕೋ ಯಪ್ಪಾ. ಲಗೂನ ನೋಡು, ಮನ್ಯಾಗ ಬಟ್ಟಿ ಒಣಗಾಕತ್ಯಾವ!"